ಗ್ಯಾರೇಜಿನ ಕಪ್ಪು ಆಯಿಲ್ ಮತ್ತೆ ಒಳ್ಳೆಯ ಲೂಬ್ರಿಕೆಂಟ್ ಆಗಬೇಕಾದರೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಗೋಕುಲ ರಸ್ತೆ, ಗದಗ-ಬೆಟಗೇರಿಯ ಟ್ರ್ಯಾಕ್ಟರ್ ರಿಪೇರಿ ಅಂಗಡಿಗಳು, ರಾಣೆಬೆನ್ನೂರಿನ ಹೈವೇ ಬದಿಯ ಲಾರಿ ಗ್ಯಾರೇಜುಗಳು. ಎಲ್ಲಿಗೆ ಹೋದರೂ ಮೂಲೆಯಲ್ಲಿ ಒಂದು ಕಪ್ಪು ಬ್ಯಾರಲ್ ನಿಂತಿರುತ್ತದೆ. ಇಂಜಿನ್‌ನಿಂದ ಇಳಿಸಿದ ಆಯಿಲ್ ಅದಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಅದಕ್ಕೇ, ರೇಡಿಯೇಟರ್ ಕೂಲಂಟ್ ಅದಕ್ಕೇ, ಪಾರ್ಟು ತೊಳೆದ ಡೀಸೆಲ್ಲೂ ಅದಕ್ಕೇ. ತುಂಬಿದ ಮೇಲೆ ಯಾರೋ ಬಂದು ಒಯ್ಯುತ್ತಾರೆ. ಸ್ವಲ್ಪ ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗುತ್ತದೆ, ಸ್ವಲ್ಪ ಭಟ್ಟಿಯಲ್ಲಿ ಉರಿಯುತ್ತದೆ. ಇನ್ನು ಸ್ವಲ್ಪ, ಹೇಳೋಕೆ ಬೇಜಾರು, ಬಣ್ಣ ತಿಳಿ ಮಾಡಿಸಿಕೊಂಡು ಹೊಸ ಡಬ್ಬದಲ್ಲಿ ನಿಮ್ಮ ಅಂಗಡಿಗೇ ವಾಪಸ್ ಬರುತ್ತದೆ.

ಈ ಕಪ್ಪು ಆಯಿಲ್‌ನಿಂದ ಮತ್ತೆ ಒಳ್ಳೆಯ ಲೂಬ್ರಿಕೆಂಟ್ ಮಾಡಬಹುದು ಅಂದರೆ ಎಷ್ಟೋ ಮೇಸ್ತ್ರಿಗಳು ನಗುತ್ತಾರೆ. ಆದರೆ ಲೆಕ್ಕ ನೋಡಿ. ಸಾಮಾನ್ಯವಾಗಿ ಇಂಜಿನ್ ಆಯಿಲ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ಬೇಸ್ ಆಯಿಲ್, ಅಂದರೆ ಮೂಲ ಎಣ್ಣೆ. ಉಳಿದದ್ದು ಅಡಿಟಿವ್, ಅಂದರೆ ಅದಕ್ಕೆ ಬೆರೆಸುವ ರಾಸಾಯನಿಕಗಳು: ಮಸಿ ಗಂಟು ಕಟ್ಟದಂತೆ ನೋಡುವುದು, ಸವೆತ ತಡೆಯುವುದು, ಆಮ್ಲವನ್ನು ಕೊಲ್ಲುವುದು ಇವುಗಳ ಕೆಲಸ. ಟ್ರ್ಯಾಕ್ಟರ್ 250 ತಾಸು ಓಡುವಷ್ಟರಲ್ಲಿ ಅಡಿಟಿವ್ ಬಹಳಷ್ಟು ಖರ್ಚಾಗಿರುತ್ತದೆ. ಮಸಿ, ಲೋಹದ ಪುಡಿ, ಧೂಳು, ನೀರು, ಸ್ವಲ್ಪ ಡೀಸೆಲ್ ಸೇರಿರುತ್ತದೆ. ಬೇಸ್ ಆಯಿಲ್ ಮಾತ್ರ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಹೊಲಸು ತೆಗೆದು ಹೊಸ ಅಡಿಟಿವ್ ಹಾಕಿದರೆ ಅದು ಮತ್ತೆ ಇಂಜಿನ್‌ಗೆ ಹೋಗಲು ಯೋಗ್ಯ.

ಹೊಲಸು ತೆಗೆಯುವುದು ದೊಡ್ಡ ಪ್ಲಾಂಟಿನ ಕೆಲಸ. ಹಾಗಂತ ಗ್ಯಾರೇಜಿನವರದು ಏನೂ ಇಲ್ಲ ಅಂದುಕೊಳ್ಳಬೇಡಿ. ಬ್ಯಾರಲ್‌ನಲ್ಲಿ ಏನೇನು ಬೆರೆಯಿತು ಅನ್ನುವುದರ ಮೇಲೆಯೇ ಆ ಆಯಿಲ್ ಲೂಬ್ರಿಕೆಂಟ್ ಆಗುತ್ತದೋ ಭಟ್ಟಿಯ ಉರುವಲು ಆಗುತ್ತದೋ ತೀರ್ಮಾನವಾಗುತ್ತದೆ. ಅದಕ್ಕೇ ಈ ಬರಹದ ಅರ್ಧ ಭಾಗ ರಿಫೈನರಿ ಬಿಟ್ಟು ನಿಮ್ಮ ಅಂಗಡಿಯ ನೆಲದ ಮೇಲೆಯೇ ನಡೆಯುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಸಲ್ಫ್ಯೂರಿಕ್ ಆಸಿಡ್ ಹಾಕಿ, ಮಣ್ಣಿನಲ್ಲಿ ಸೋಸಿ ಹಳೆ ಆಯಿಲ್ ಬೆಳ್ಳಗೆ ಮಾಡುವ ವಿಡಿಯೋಗಳು ಬೇಕಾದಷ್ಟು ಇವೆ. ಅದನ್ನು ಮಾಡಬೇಡಿ. ಆಸಿಡ್-ಕ್ಲೇ ಅನ್ನುವ ಈ ಹಳೆ ಪದ್ಧತಿಯಲ್ಲಿ ಕೊನೆಗೆ ಉಳಿಯುವುದು ಆಸಿಡ್ ತುಂಬಿದ ಡಾಂಬರಿನಂಥ ರಾಡಿ. ಅದನ್ನು ಎಲ್ಲಿ ಹಾಕಿದರೂ ನೆಲ ಸುಡುತ್ತದೆ. ನಮ್ಮ ದೇಶದ ನಿಯಮಗಳು ಈ ಪದ್ಧತಿಯನ್ನು ಪರಿಸರಕ್ಕೆ ಸರಿಹೊಂದುವ ತಂತ್ರವೆಂದು ಒಪ್ಪುವುದಿಲ್ಲ. ಬಣ್ಣ ತಿಳಿಯಾದ ಮಾತ್ರಕ್ಕೆ ಆಯಿಲ್ ಒಳ್ಳೆಯದಾಯಿತು ಅಂತಲೂ ಅಲ್ಲ.

ಹಂತ 1: ಯಾವ ಆಯಿಲ್, ಯಾವ ದಾರಿ

ನಿಮ್ಮಲ್ಲಿ ಏನೇನು ಹಳೆ ಆಯಿಲ್ ಬರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ದಾರಿ ಎರಡು.

ಮೊದಲನೆಯದು, ಇದ್ದಲ್ಲೇ ಶುದ್ಧ ಮಾಡಿ ಮತ್ತೆ ಅದೇ ಮಷೀನಿಗೆ ಹಾಕುವುದು. ಹೈಡ್ರಾಲಿಕ್ ಆಯಿಲ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಅಣ್ಣಿಗೇರಿ, ಗದಗ ಕಡೆಯ ಜಿನ್ನಿಂಗ್ ಫ್ಯಾಕ್ಟರಿಗಳ ಹತ್ತಿ ಬೇಲ್ ಪ್ರೆಸ್, ತಾರಿಹಾಳ ಮತ್ತು ಬೇಲೂರು ಕೈಗಾರಿಕಾ ಪ್ರದೇಶದ ಪವರ್ ಪ್ರೆಸ್, ಪ್ಲಾಸ್ಟಿಕ್ ಮೋಲ್ಡಿಂಗ್ ಮಷೀನು, ಇಲ್ಲೆಲ್ಲ ಆಯಿಲ್ ಮಸಿಯಾಗುವುದಿಲ್ಲ. ನೀರು ಮತ್ತು ಕಣ ಸೇರಿ ಹಾಳಾಗುತ್ತದೆ. ಅವೆರಡನ್ನು ತೆಗೆದರೆ ಅಡಿಟಿವ್ ಇನ್ನೂ ಉಳಿದಿರುವ ಆಯಿಲ್ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ.

ಎರಡನೆಯದು, ರೀ-ರಿಫೈನಿಂಗ್ ಪ್ಲಾಂಟಿಗೆ, ಅಂದರೆ ಹಳೆ ಆಯಿಲ್ ಅನ್ನು ಮತ್ತೆ ಬೇಸ್ ಆಯಿಲ್ ಮಾಡುವ ಕಾರ್ಖಾನೆಗೆ ಕಳಿಸುವುದು. ಇಂಜಿನ್ ಆಯಿಲ್‌ಗೆ ಇದೊಂದೇ ದಾರಿ. ಬಟ್ಟೆಯಲ್ಲಿ ಸೋಸಿ, ಬಿಸಿಲಿಗಿಟ್ಟು ಮತ್ತೆ ಹಾಕಿದರೆ ಇಂಜಿನ್ ಸವೆಯುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮಸಿಯ ಕಣ ಒಂದು ಮೈಕ್ರಾನ್‌ಗಿಂತಲೂ ಸಣ್ಣದು, ಯಾವ ಬಟ್ಟೆಗೂ ಸಿಗುವುದಿಲ್ಲ.

ಎರಡಕ್ಕೂ ಸೇರದ ಕೆಲವು ಇವೆ. ಹಳೆ ಟ್ರಾನ್ಸ್‌ಫಾರ್ಮರ್ ಆಯಿಲ್‌ನಲ್ಲಿ ಪಿಸಿಬಿ ಅನ್ನುವ ವಿಷ ಇರಬಹುದು, ಅದರ ಪರೀಕ್ಷೆ ಆಗದೆ ಯಾವುದಕ್ಕೂ ಬೆರೆಸಬಾರದು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಂಥ ಕಡೆ ಅಮೋನಿಯಾ ಕಂಪ್ರೆಸರ್ ಇದ್ದರೆ ಅದರಿಂದ ಇಳಿದ ಆಯಿಲ್‌ಗೂ ಬೇರೆ ಕ್ಯಾನ್ ಬೇಕು. ಲೇಥ್ ಮಷೀನಿನ ಹಾಲಿನಂಥ ಕಟಿಂಗ್ ಕೂಲಂಟ್ ಬಹುಪಾಲು ನೀರೇ, ಅದನ್ನು ಆಯಿಲ್ ಅಂತ ಲೆಕ್ಕ ಹಿಡಿಯಬೇಡಿ. ಇನ್ನು ಗದಗ ಜಿಲ್ಲೆಯ ಗಾಳಿಯಂತ್ರಗಳ ಗೇರ್‌ಬಾಕ್ಸ್ ಆಯಿಲ್ ನಿಮ್ಮ ಕೈಗೆ ಬರುವುದಿದ್ದರೆ ಅದು ಸಾಮಾನ್ಯವಾಗಿ ಸಿಂಥೆಟಿಕ್, ವಿಜಿ 320 ದರ್ಜೆಯದು (ವಿಜಿ ಅಂದರೆ ಆಯಿಲ್ ಎಷ್ಟು ದಪ್ಪ ಅನ್ನುವ ಅಂಕಿ). ಲಾರಿ ಆಯಿಲ್ ಜೊತೆ ಬೆರೆಸಿದರೆ ಬೆಲೆಯುಳ್ಳ ವಸ್ತುವನ್ನು ಕೈಯಾರೆ ಹಾಳು ಮಾಡಿದಂತೆ.

ಹಂತ 2: ಇಳಿಸುವುದು, ಬೇರೆ ಬೇರೆ ಇಡುವುದು

ಇಂಜಿನ್ ಬೆಚ್ಚಗಿದ್ದಾಗ ಆಯಿಲ್ ಇಳಿಸಿ. ಕುದಿಯುವಷ್ಟು ಬಿಸಿ ಬೇಡ, ಕೈ ಸುಡುತ್ತದೆ. ಬೆಚ್ಚಗಿದ್ದರೆ ತಳದಲ್ಲಿ ಕೂತ ರಾಡಿಯೂ ಆಯಿಲ್ ಜೊತೆ ಇಳಿಯುತ್ತದೆ. ನೈಟ್ರೈಲ್ ರಬ್ಬರಿನ ಕೈಗವಸು ಹಾಕಿಕೊಳ್ಳಿ. ಹಳೆ ಇಂಜಿನ್ ಆಯಿಲ್ ವರ್ಷಾನುಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರ್‌ನ ಅಪಾಯ ಇದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಆಯಿಲ್ ಬಟ್ಟೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನೂ ಬಿಡಿ.

ಟ್ರೇನಿಂದ ಬ್ಯಾರಲ್‌ಗೆ ಸುರಿಯುವಾಗ ಆಲಿಕೆಗೆ ಒಂದು ಜಾಲರಿ ಇರಲಿ. ನಟ್ಟು, ವಾಷರ್, ಗ್ಯಾಸ್ಕೆಟ್ ಚೂರು ಅಲ್ಲೇ ನಿಲ್ಲುತ್ತವೆ. ಫಿಲ್ಟರ್ ಬಿಚ್ಚಿದ ಮೇಲೆ ಅದರ ಗುಮ್ಮಟಕ್ಕೆ ತೂತು ಹೊಡೆದು ರಾತ್ರಿಯಿಡೀ ಟ್ರೇ ಮೇಲೆ ಬೋರಲು ಹಾಕಿ. ಲಾರಿಯ ಫಿಲ್ಟರ್‌ನಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿಲ್ ಕೂತಿರುತ್ತದೆ.

ಈಗ ಮುಖ್ಯ ವಿಷಯ. ಬ್ಯಾರಲ್ ಒಂದಲ್ಲ, ಕನಿಷ್ಠ ಮೂರು ಬೇಕು. ಒಂದು ಇಂಜಿನ್ ಆಯಿಲ್‌ಗೆ, ಒಂದು ಗೇರ್ ಮತ್ತು ಹೈಡ್ರಾಲಿಕ್‌ಗೆ, ಇನ್ನೊಂದು ಉಳಿದೆಲ್ಲ ಹೊಲಸಿಗೆ. ಇಂಜಿನ್ ಆಯಿಲ್ ಬ್ಯಾರಲ್‌ಗೆ ಯಾವ ಕಾರಣಕ್ಕೂ ಹೋಗಬಾರದ್ದು ಇವು:

ಕೂಲಂಟ್. ಇದರಲ್ಲಿರುವ ಗ್ಲೈಕಾಲ್ ಪ್ಲಾಂಟಿನ ಬಿಸಿಗೆ ಅಂಟು ರಾಡಿಯಾಗಿ ಪೈಪಿನೊಳಗೆ ಕಟ್ಟಿಕೊಳ್ಳುತ್ತದೆ.

ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್, ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಮನೆತನದವೇ.

ಪೆಟ್ರೋಲ್, ಥಿನ್ನರ್, ಕ್ಲೋರಿನ್ ಇರುವ ಕ್ಲೀನರ್. ಪೆಟ್ರೋಲ್ ಬೆಂಕಿಯ ಅಪಾಯ ತರುತ್ತದೆ. ಕ್ಲೋರಿನ್ ಪ್ಲಾಂಟಿನ ಲೋಹವನ್ನೇ ತಿನ್ನುತ್ತದೆ. ಕ್ಲೋರಿನ್ ಜಾಸ್ತಿ ಕಂಡರೆ ಇಡೀ ಟ್ಯಾಂಕರ್ ವಾಪಸ್ ಬರಬಹುದು.

ಅಡುಗೆ ಎಣ್ಣೆ. ಮಿರ್ಚಿ ಭಜಿ ಕರಿದ ಎಣ್ಣೆಯೂ ಎಣ್ಣೆಯೇ ಅಲ್ವಾ ಅಂತ ಸುರಿಯುವವರು ಇದ್ದಾರೆ. ಅದು ಬೇರೆ ಜಾತಿಯ ಎಣ್ಣೆ. ಬಿಸಿಗೆ ಒಡೆದು ಆಮ್ಲವಾಗಿ ಬೇಸ್ ಆಯಿಲ್ ಜೊತೆಗೇ ಬಂದುಬಿಡುತ್ತದೆ. ಅದನ್ನು ಬಯೋಡೀಸೆಲ್ ಮಾಡುವವರಿಗೆ ಕೊಡಿ.

ಪಾರ್ಟು ತೊಳೆದ ಡೀಸೆಲ್. ಇದನ್ನು ಮಾತ್ರ ಮೂರನೇ ಬ್ಯಾರಲ್‌ಗೂ ಸುಮ್ನೆ ಸುರಿಯಬೇಡಿ. ಒಂದು ಡಬ್ಬದಲ್ಲಿ ತಿಳಿಯಾಗಲು ಬಿಟ್ಟರೆ ಮೇಲಿನದು ಮತ್ತೆ ತೊಳೆಯಲು ಬರುತ್ತದೆ.

ಬ್ಯಾರಲ್ ಇಡುವ ಜಾಗಕ್ಕೆ ಸಿಮೆಂಟ್ ನೆಲ, ಸುತ್ತ ಕಟ್ಟೆ, ಮೇಲೆ ತಗಡು ಬೇಕು. ಕಟ್ಟೆಯೊಳಗೆ ನಿಮ್ಮ ಅತಿ ದೊಡ್ಡ ಬ್ಯಾರಲ್‌ನಷ್ಟು ಆಯಿಲ್ ನಿಲ್ಲುವಷ್ಟು ಜಾಗ ಇರಲಿ. ಸಾಮಾನ್ಯ ಬ್ಯಾರಲ್ ಅಂದರೆ 210 ಲೀಟರ್. ಮಳೆಗಾಲದಲ್ಲಿ ಬಯಲಲ್ಲಿ ನಿಲ್ಲಿಸಿದ ಬ್ಯಾರಲ್ ನೋಡಿದ್ದೀರಾ? ಮುಚ್ಚಳದ ಅಂಚಿನೊಳಗೆ ನೀರು ನಿಂತಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಬೀಳುತ್ತದೆ. ರಾತ್ರಿ ತಣ್ಣಗಾದಾಗ ಬ್ಯಾರಲ್ ಉಸಿರೆಳೆದುಕೊಳ್ಳುತ್ತದೆ, ಗಾಳಿಯ ಬದಲು ಮೇಲೆ ನಿಂತ ನೀರೇ ಒಳಗಿಳಿಯುತ್ತದೆ. ಬಿರಡೆ ಬಿಗಿಯಾಗಿದ್ದರೂ ಇದು ನಡೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ಒಂದು ತಿಂಗಳು ಸಾಕು. ಹೊರಗೆ ಇಡಲೇಬೇಕಾದರೆ ಬ್ಯಾರಲ್ ಮಲಗಿಸಿ, ಎರಡೂ ಬಿರಡೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವಂತೆ ಇಡಿ. ಇದು ಹೊಸ ಆಯಿಲ್ ಬ್ಯಾರಲ್‌ಗೂ ಅನ್ವಯ.

ಹಂತ 3: ಅಂಗಡಿಯಲ್ಲೇ ಮಾಡುವ ಪರೀಕ್ಷೆಗಳು

ಲ್ಯಾಬಿಗೆ ಕಳಿಸುವ ಮುಂಚೆ ಮೂರು ಪರೀಕ್ಷೆ ನೀವೇ ಮಾಡಬಹುದು. ಖರ್ಚು ಹೆಚ್ಚೇನಿಲ್ಲ.

ಚಟಪಟ ಪರೀಕ್ಷೆ: ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ಅನ್ನು 150ರಿಂದ 160 ಡಿಗ್ರಿಗೆ ಬಿಸಿ ಮಾಡಿ. ಡ್ರಾಪರ್‌ನಿಂದ ಒಂದೇ ಹನಿ ಬಿಡಿ. ಸುಮ್ಮನೆ ಹರಡಿದರೆ ನೀರು ಇಲ್ಲ ಅಥವಾ ಬಹಳ ಕಡಿಮೆ. ಸಣ್ಣ ಗುಳ್ಳೆ ಎದ್ದು ಮಾಯವಾದರೆ ಶೇ. 0.1ರ ಆಸುಪಾಸು ನೀರಿದೆ. ಒಗ್ಗರಣೆಯ ಹಾಗೆ ಚಟಪಟ ಸಿಡಿದರೆ ಅದಕ್ಕಿಂತ ಬಹಳ ಜಾಸ್ತಿ. ಕಣ್ಣಿಗೆ ಕನ್ನಡಕ ಬೇಕು. ಗ್ಯಾಸ್ ಒಲೆ ಬೇಡ, ಬಾಣಲೆ ತುಂಬ ಆಯಿಲ್ ಕಾಯಿಸುವುದಂತೂ ಬೇಡವೇ ಬೇಡ.

ಕಾಗದದ ಪರೀಕ್ಷೆ: ಫಿಲ್ಟರ್ ಪೇಪರ್ ಅನ್ನು ಲೋಟದ ಬಾಯಿ ಮೇಲಿಡಿ. ನಡುವೆ ಒಂದು ಹನಿ ಇಂಜಿನ್ ಆಯಿಲ್ ಹಾಕಿ ಕೆಲವು ತಾಸು ಬಿಡಿ. ಮಸಿ ಹೊರಗಿನವರೆಗೂ ನಯವಾಗಿ ಹರಡಿದ್ದರೆ ಆಯಿಲ್‌ಗೆ ಮಸಿಯನ್ನು ತೇಲಿಸಿಡುವ ಶಕ್ತಿ ಇನ್ನೂ ಇದೆ. ನಡುವೆ ಗಟ್ಟಿ ಕಪ್ಪು ಬೊಟ್ಟು, ಅದರ ಅಂಚು ಕತ್ತರಿಸಿದಂತೆ ಇದ್ದರೆ ಆ ಶಕ್ತಿ ಮುಗಿದಿದೆ. ಹೊರಗೆ ತಿಳಿಯಾದ ಅಗಲ ವರ್ತುಲ ಕಂಡರೆ ಡೀಸೆಲ್ ಸೇರಿರಬಹುದು. ನಡುವಿನ ಬೊಟ್ಟು ಪೇಸ್ಟಿನ ಹಾಗೆ ಕೂತಿದ್ದರೆ ಕೂಲಂಟ್ ಸೋರಿಕೆ ಇದೆಯೇ ಅಂತ ಹೆಡ್ ಗ್ಯಾಸ್ಕೆಟ್ ನೋಡಿ. ಈ ಪರೀಕ್ಷೆ ಹಳೆ ಆಯಿಲ್‌ಗಿಂತ ಇಂಜಿನ್‌ನ ಜಾತಕವನ್ನೇ ಜಾಸ್ತಿ ಹೇಳುತ್ತದೆ. ಎರೆಹೊಲದಲ್ಲಿ ಓಡುವ ಟ್ರ್ಯಾಕ್ಟರ್‌ಗಳ ಆಯಿಲ್‌ನಲ್ಲಿ ಧೂಳು ಜಾಸ್ತಿ. ಏರ್ ಕ್ಲೀನರ್‌ನ ಬಟ್ಟಲಲ್ಲಿ ಆಯಿಲ್ ಕಡಿಮೆಯಾಗಿದ್ದರೆ ಅದೆಲ್ಲ ನೇರ ಇಂಜಿನ್ ಒಳಗೆ.

ತಾಮ್ರದ ತಂತಿ: ಕ್ಲೋರಿನ್ ಇದೆಯೇ ಅಂತ ನೋಡಲು. ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಆಯಿಲ್‌ಗೆ ಅದ್ದಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಬಂದರೆ ಅನುಮಾನ. ಬಯಲಲ್ಲಿ, ಬ್ಯಾರಲ್‌ಗಳಿಂದ ದೂರ ಮಾಡಿ, ಹೊಗೆ ಮೂಗಿಗೆ ಬರಬಾರದು.

ಹಂತ 4: ಹೈಡ್ರಾಲಿಕ್ ಆಯಿಲ್ ನೀವೇ ಶುದ್ಧ ಮಾಡುವುದು

ನಮ್ಮ ಭಾಗದ ಸಣ್ಣ ಕಾರ್ಖಾನೆಗಳಿಗೆ ನಿಜವಾಗಿ ದುಡ್ಡು ಉಳಿಸುವ ಹಂತ ಇದು. ಒಂದು ಜಿನ್ನಿಂಗ್ ಪ್ರೆಸ್ ತಗೊಳ್ಳೋಣ. ಟ್ಯಾಂಕ್ 400 ಲೀಟರ್, ಆಯಿಲ್ ವಿಜಿ 68.

ಮೊದಲು ಟ್ಯಾಂಕಿನ ಮೇಲಿನ ಬ್ರೀದರ್, ಅಂದರೆ ಗಾಳಿ ಓಡಾಡುವ ಮುಚ್ಚಳ ನೋಡಿ. ಸೀಸನ್ನಿನಲ್ಲಿ ಅರಳೆಯ ಎಳೆ ಹಾರಿ ಬಂದು ಅದರ ಜಾಲರಿಗೆ ಬಿಳಿ ಟೋಪಿ ಹಾಕಿದಂತೆ ಕೂತಿರುತ್ತದೆ. ಉಸಿರು ಕಟ್ಟಿದಾಗ ಯಾರೋ ಬ್ರೀದರ್ ತೆಗೆದು ಬಟ್ಟೆ ತುರುಕಿರುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಆದಾಗಲೆಲ್ಲ ಟ್ಯಾಂಕು ಆ ಬಟ್ಟೆಯ ಮೂಲಕ ಧೂಳನ್ನೂ ತೇವವನ್ನೂ ಎಳೆದುಕೊಳ್ಳುತ್ತದೆ. ಇದನ್ನು ಸರಿಮಾಡದೆ ಆಯಿಲ್ ಎಷ್ಟು ಸೋಸಿದರೂ ವ್ಯರ್ಥ. ಹೊಸ ಬ್ರೀದರ್ ಹಾಕಿ, ಆಮೇಲೆ ಮುಂದಿನ ಮಾತು.

ಸ್ಯಾಂಪಲ್ ತೆಗೆಯಿರಿ. ಮಷೀನು ಅರ್ಧ ತಾಸು ಓಡಿದ ಮೇಲೆ, ಟ್ಯಾಂಕಿನ ನಡು ಎತ್ತರದಿಂದ, ಸ್ವಚ್ಛ ಬಾಟಲಿಗೆ. ತಳದಿಂದ ತೆಗೆದರೆ ಬರೀ ರಾಡಿ ಬರುತ್ತದೆ, ಮೇಲಿಂದ ತೆಗೆದರೆ ಸುಳ್ಳು ಹೇಳುತ್ತದೆ. ಅದೇ ಬ್ರ್ಯಾಂಡಿನ ಹೊಸ ಆಯಿಲ್‌ನ ಸ್ಯಾಂಪಲ್ಲನ್ನೂ ಜೊತೆಗೆ ಲ್ಯಾಬಿಗೆ ಕಳಿಸಿ. ಹೋಲಿಸಲು ಒಂದು ಅಳತೆ ಬೇಕಲ್ಲ. ಕೇಳಬೇಕಾದ್ದು ನಾಲ್ಕೇ: 40 ಡಿಗ್ರಿಯಲ್ಲಿ ವಿಸ್ಕಾಸಿಟಿ (ಆಯಿಲ್ ಎಷ್ಟು ದಪ್ಪ), ಆಮ್ಲದ ಅಂಕಿ, ನೀರು, ಕಣಗಳ ಎಣಿಕೆ.

ವಿಜಿ 68 ಅಂದರೆ 40 ಡಿಗ್ರಿಯಲ್ಲಿ 68 ಸೆಂಟಿಸ್ಟೋಕ್, ಆ ಕಡೆ ಈ ಕಡೆ ಶೇ. 10. ಅಂದರೆ 61.2ರಿಂದ 74.8ರೊಳಗೆ ಇರಬೇಕು. ಆಮ್ಲದ ಅಂಕಿ ಹೊಸದಕ್ಕಿಂತ 0.5ಕ್ಕಿಂತ ಜಾಸ್ತಿ ಏರಿದ್ದರೆ ಆಯಿಲ್ ಒಳಗೊಳಗೇ ಸುಟ್ಟಿದೆ ಅಂತ ಎಚ್ಚರವಾಗಿ. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಸೋಸುವ ಗೋಜಿಗೆ ಹೋಗಬೇಡಿ, ಹಂತ 5ಕ್ಕೆ ಹಾರಿ. ಇವೆರಡೂ ಸರಿಯಿದ್ದು ನೀರು, ಕಣ ಮಾತ್ರ ಜಾಸ್ತಿ ಇದ್ದರೆ ಕೆಲಸ ನಿಮ್ಮದೇ.

ಮೊದಲು ನೀರು. ಆಯಿಲ್ ಮಂಜುಮಂಜಾಗಿದ್ದರೆ ಕರಗಲಾರದಷ್ಟು ನೀರು ಇದೆ ಅಂತ ಅರ್ಥ. ಪ್ರೆಸ್ ನಿಲ್ಲಿಸಿ ಎರಡು ದಿನ ಅಲುಗಾಡಿಸದೆ ಬಿಡಿ, ತಳದ ಡ್ರೇನ್ ಕಾಕ್ ನಿಧಾನ ತೆರೆದು ನೀರು ಬಿಡಿ. ಬಂದ ನೀರನ್ನು ಮೋರಿಗೆ ಬಿಡಬೇಡಿ, ಕ್ಯಾನ್‌ನಲ್ಲಿ ಹಿಡಿಯಿರಿ. ಹುಬ್ಬಳ್ಳಿಯ ನಾಲಾಗಳಿಗೆ ಬಿದ್ದದ್ದು ಅಲ್ಲೇ ಮುಗಿಯುವುದಿಲ್ಲ, ಬೆಣ್ಣೆಹಳ್ಳದ ಕಡೆಗೆ ಹೋಗುತ್ತದೆ. ಉಳಿದ ತೇವಕ್ಕೆ ನೀರು ಹೀರುವ ಫಿಲ್ಟರ್ ಎಲಿಮೆಂಟ್ ಸಾಕು. ನೀರು ಬಹಳ ಇದ್ದರೆ ವ್ಯಾಕ್ಯೂಮ್ ಡಿಹೈಡ್ರೇಟರ್ ಬಾಡಿಗೆಗೆ ತರಿಸಿ. ಅದು ನಿರ್ವಾತದಲ್ಲಿ 60-65 ಡಿಗ್ರಿಯಲ್ಲೇ ನೀರನ್ನು ಆವಿ ಮಾಡಿ ತೆಗೆಯುತ್ತದೆ. ಬೆಂಕಿ ಇಟ್ಟು ನೀರು ಆರಿಸುವ ಯೋಚನೆ ಬೇಡ. ಆಯಿಲ್‌ನ ಬಿಸಿ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಸುಮಾರು ದುಪ್ಪಟ್ಟಾಗುತ್ತದೆ.

ಆಮೇಲೆ ಕಣ. ಸಣ್ಣ ಗೇರ್ ಪಂಪ್, ಎರಡು ಫಿಲ್ಟರ್, ಚಕ್ರದ ಗಾಡಿ, ಇಷ್ಟೇ ಫಿಲ್ಟರ್ ಕಾರ್ಟ್. ಮೊದಲ ಫಿಲ್ಟರ್ 10ರಿಂದ 25 ಮೈಕ್ರಾನ್, ಎರಡನೆಯದು 3ರಿಂದ 5 ಮೈಕ್ರಾನ್. ಎರಡನೆಯದು ಗ್ಲಾಸ್ ಫೈಬರ್ ಆಗಿರಲಿ, ಬೀಟಾ 200 ಅಥವಾ ಅದಕ್ಕಿಂತ ಮೇಲಿನದು ಕೇಳಿ. ಬೀಟಾ 200 ಅಂದರೆ ಆ ಗಾತ್ರದ 200 ಕಣ ಬಂದರೆ ಒಂದೇ ದಾಟುತ್ತದೆ. ಬರೀ 5 ಮೈಕ್ರಾನ್ ಅಂತ ಬರೆದ ಕಾಗದದ ಫಿಲ್ಟರ್‌ನಲ್ಲಿ ಈ ಭರವಸೆ ಇರುವುದಿಲ್ಲ.

ಟ್ಯಾಂಕಿನ ಒಂದು ಮೂಲೆಯಿಂದ ಎಳೆದು ಎದುರು ಮೂಲೆಗೆ ಬಿಡಿ. ಇಡೀ ಟ್ಯಾಂಕಿನ ಆಯಿಲ್ ಕನಿಷ್ಠ ಏಳು ಸಲ ಫಿಲ್ಟರ್ ದಾಟಬೇಕು. ಶುದ್ಧವಾದದ್ದು ಹೊಲಸಿನ ಜೊತೆಗೇ ಮತ್ತೆ ಬೆರೆಯುತ್ತದಲ್ಲ, ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪಂಪ್ ನಿಮಿಷಕ್ಕೆ 20 ಲೀಟರ್ ಎಳೆದರೆ 400 ಲೀಟರ್‌ಗೆ ಒಂದು ಸುತ್ತು 20 ನಿಮಿಷ, ಏಳು ಸುತ್ತಿಗೆ 2 ತಾಸು 20 ನಿಮಿಷ. ನಾನಾದರೆ ಮೂರು ತಾಸು ಓಡಿಸುತ್ತೇನೆ.

ಮತ್ತೆ ಸ್ಯಾಂಪಲ್ ಕಳಿಸಿ. ಕಣದ ಎಣಿಕೆ 18/16/13ರ ಆಸುಪಾಸು ಬಂದರೆ ಇಂಥ ಪ್ರೆಸ್‌ಗೆ ಬಹಳ ಒಳ್ಳೆಯದು. ಈ ಮೂರು ಅಂಕಿ 4, 6 ಮತ್ತು 14 ಮೈಕ್ರಾನ್‌ಗಿಂತ ದೊಡ್ಡ ಕಣಗಳ ಲೆಕ್ಕ. 18 ಅಂದರೆ ಒಂದು ಮಿಲಿಲೀಟರಿನಲ್ಲಿ 1300ರಿಂದ 2500 ಕಣ. ಅಂಕಿ ಒಂದು ಏರಿದರೆ ಕಣ ದುಪ್ಪಟ್ಟು. ತಮಾಷೆ ಏನಂದರೆ ಸೀಲು ಒಡೆದ ಹೊಸ ಬ್ಯಾರಲ್‌ನ ಆಯಿಲ್ ಎಷ್ಟೋ ಸಲ ಇದಕ್ಕಿಂತ ಹೊಲಸಿರುತ್ತದೆ. ಹಾಗಾಗಿ ಹೊಸದನ್ನೂ ಇದೇ ಕಾರ್ಟ್ ಮೂಲಕವೇ ಟ್ಯಾಂಕಿಗೆ ತುಂಬಿಸಿ. ಬಜಾರಿನಲ್ಲಿ ಸಿಗುವ ಬಾಟಲಿ ಅಡಿಟಿವ್ ಮಾತ್ರ ಹಾಕಬೇಡಿ, ಇದ್ದ ಅಡಿಟಿವ್ ಜೊತೆ ಜಗಳವಾಡಿ ಗಸಿಯಾಗಬಹುದು.

ಹಂತ 5: ಆಯಿಲ್ ಕೊಡುವುದು ಯಾರಿಗೆ, ಕಾಗದ ಯಾವುದು

ಹಳೆ ಆಯಿಲ್ ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಇದರ ಸಂಖ್ಯೆ 5.1. ಕಾರ್ಖಾನೆ, ದೊಡ್ಡ ವರ್ಕ್‌ಶಾಪ್‌ಗಳು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕೃತ ಅನುಮತಿ ಪಡೆದಿರಬೇಕು. ಮಂಡಳಿಯ ಒಂದು ಪ್ರಾದೇಶಿಕ ಕಚೇರಿ ಧಾರವಾಡದಲ್ಲಿದೆ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ದಿನ ಕೂಡಿಡುವಂತಿಲ್ಲ. ಬ್ಯಾರಲ್ ಮೇಲೆ ಫಾರ್ಮ್ 8ರ ಲೇಬಲ್, ಗಾಡಿಗೆ ಹೇರುವಾಗ ಫಾರ್ಮ್ 10ರ ಮ್ಯಾನಿಫೆಸ್ಟ್ (ಸಾಗಣೆ ಚೀಟಿ), ದಿನದ ಲೆಕ್ಕ ಫಾರ್ಮ್ 3ರಲ್ಲಿ, ವರ್ಷದ ಲೆಕ್ಕ ಫಾರ್ಮ್ 4ರಲ್ಲಿ ಜೂನ್ 30ರೊಳಗೆ. ಕಾಗದ ಜಾಸ್ತಿ ಅನ್ನಿಸಬಹುದು. ನಾಳೆ ನಿಮ್ಮ ಆಯಿಲ್ ಯಾವುದೋ ಹಳ್ಳದಲ್ಲಿ ಸಿಕ್ಕರೆ ನಿಮ್ಮನ್ನು ಉಳಿಸುವುದು ಆ ಮ್ಯಾನಿಫೆಸ್ಟ್ ಒಂದೇ.

ಸಣ್ಣ ಗ್ಯಾರೇಜಿನವರಿಗೆ ಸುಲಭದ ದಾರಿ ನೋಂದಾಯಿತ ಸಂಗ್ರಾಹಕ ಏಜೆಂಟರು. 2023ರ ಸೆಪ್ಟೆಂಬರ್‌ನಲ್ಲಿ ನಿಯಮಕ್ಕೆ ತಿದ್ದುಪಡಿ ಬಂದು, 2024ರ ಏಪ್ರಿಲ್ 1ರಿಂದ ಲೂಬ್ರಿಕೆಂಟ್ ತಯಾರಿಸುವ ಕಂಪನಿಗಳ ಮೇಲೆಯೇ ಹಳೆ ಆಯಿಲ್‌ನ ಹೊಣೆ ಬಿದ್ದಿದೆ. ತಾವು ಮಾರಿದ್ದರಲ್ಲಿ ಇಂತಿಷ್ಟು ಪಾಲು ಮರುಬಳಕೆಯಾಯಿತು ಅಂತ ಅವರು ನೋಂದಾಯಿತ ರೀಸೈಕ್ಲರ್‌ಗಳಿಂದ ಪ್ರಮಾಣಪತ್ರ ಕೊಳ್ಳಬೇಕು. ಆ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತದೆ. ಅಂದರೆ ಲೆಕ್ಕವಿರುವ ಶುದ್ಧ ಹಳೆ ಆಯಿಲ್‌ಗೆ ಬೇಡಿಕೆ ಬಂದೇ ಬರುತ್ತದೆ. ಈ ವ್ಯವಸ್ಥೆಯಲ್ಲಿ ಸಂಗ್ರಾಹಕ ಏಜೆಂಟರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು.

ಆದರೆ ನಿಮ್ಮ ಬಾಗಿಲಿಗೆ ಮೊದಲು ಬರುವವನು ಈ ನೋಂದಾಯಿತ ಏಜೆಂಟನಲ್ಲ. ಲೂನಾದ ಹಿಂದೆ ಎರಡು ಕ್ಯಾನ್ ಕಟ್ಟಿಕೊಂಡು ಬರುವವನು. "ಅಣ್ಣಾರ, ವೇಸ್ಟ್ ಆಯಿಲ್ ಐತೇನ್ರಿ? ಬ್ಯಾರೇದವ್ರಕಿಂತ ಎರಡು ರೂಪಾಯಿ ಜಾಸ್ತಿ ಕೊಡ್ತೇನ್ರಿ." ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನದೂ ಹೊಟ್ಟೆಪಾಡು. ಆದರೆ ಆ ಎರಡು ರೂಪಾಯಿ ಎಲ್ಲಿಂದ ಬಂತು ಅಂತ ಯೋಚಿಸಿ. ತೆರಿಗೆ ಇಲ್ಲ, ಕಾಗದ ಇಲ್ಲ, ಆಯಿಲ್ ಹೋಗುವುದು ಉರುವಲಿಗೆ ಅಥವಾ ನಕಲಿ ಡಬ್ಬಕ್ಕೆ. ಅವನಿಗೆ ಎರಡೇ ಪ್ರಶ್ನೆ ಕೇಳಿ: ಯಾವ ಪ್ಲಾಂಟಿಗೆ ಒಯ್ಯುತ್ತೀ, ಕಾಗದ ಕೊಡ್ತೀಯಾ? ಒಂದೇ ಸಾಲಿನ ಹತ್ತು ಗ್ಯಾರೇಜಿನವರು ಸೇರಿ ತಿಂಗಳಿಗೊಮ್ಮೆ ಒಟ್ಟಿಗೆ ಕೊಡುವುದಾದರೆ ಅಧಿಕೃತ ಗಾಡಿಯೇ ಬರುತ್ತದೆ, ದರವೂ ಮಾತಾಡಬಹುದು.

ಖಾಲಿ ಆಯಿಲ್ ಡಬ್ಬಗಳನ್ನು ಗುಜರಿಗೆ ಹಾಕುವ ಮುಂಚೆ ಬ್ಲೇಡಿನಿಂದ ಸೀಳಿ, ಮುಚ್ಚಳ ಬೇರೆ ಮಾಡಿ. ಚಂದದ ಡಬ್ಬ ಸಿಗದಿದ್ದರೆ ನಕಲಿಯವನ ಅರ್ಧ ವ್ಯಾಪಾರ ಬಂದ್.

ಹಂತ 6: ಪ್ಲಾಂಟಿನೊಳಗೆ ಏನು ನಡೆಯುತ್ತದೆ

ಗಾಡಿ ಬಂದ ಕೂಡಲೇ ಸ್ಯಾಂಪಲ್ ತೆಗೆಯುತ್ತಾರೆ. ನಿಯಮದ ಪ್ರಕಾರ ಮರುಬಳಕೆಗೆ ಬರುವ ಹಳೆ ಆಯಿಲ್‌ನಲ್ಲಿ ಸೀಸ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು), ಆರ್ಸೆನಿಕ್ 5 ಪಿಪಿಎಂ ಮೀರಬಾರದು, ಪಿಸಿಬಿ 2 ಪಿಪಿಎಂಗಿಂತ ಕಡಿಮೆ ಇರಬೇಕು. ಇದು ಪಾಸಾದರೆ ಮುಂದೆ ನಾಲ್ಕು ಘಟ್ಟ.

ಮೊದಲು ಸುಮಾರು 120ರಿಂದ 150 ಡಿಗ್ರಿಯಲ್ಲಿ ನೀರು ಮತ್ತು ಪೆಟ್ರೋಲಿನಂಥ ಹಗುರ ಇಂಧನ ಆವಿಯಾಗಿ ಹೋಗುತ್ತವೆ. ಎರಡನೆಯದರಲ್ಲಿ ನಿರ್ವಾತದೊಳಗೆ ಇನ್ನೂ ಕಾಯಿಸಿ ಡೀಸೆಲ್‌ನಂಥ ಭಾಗ ತೆಗೆಯುತ್ತಾರೆ. ಅದನ್ನು ಪ್ಲಾಂಟು ತನ್ನ ಬಾಯ್ಲರಿಗೇ ಉರುವಲಾಗಿ ಬಳಸಿಕೊಳ್ಳಬಹುದು.

ಮೂರನೆಯದು ಹೃದಯಭಾಗ: ವ್ಯಾಕ್ಯೂಮ್ ಡಿಸ್ಟಿಲೇಷನ್. ಬೇಸ್ ಆಯಿಲ್ ಅನ್ನು ಮಾಮೂಲಿ ಒತ್ತಡದಲ್ಲಿ ಕುದಿಸಲು ಹೋದರೆ 400 ಡಿಗ್ರಿ ದಾಟಬೇಕು, ಅಷ್ಟರಲ್ಲಿ ಅದರ ಅಣುಗಳೇ ಮುರಿದು ಬೀಳುತ್ತವೆ. ಒತ್ತಡವನ್ನು ಕೆಲವೇ ಮಿಲಿಬಾರ್‌ಗೆ ಇಳಿಸಿದರೆ 300 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುತ್ತದೆ. ಒಳ್ಳೆಯ ಪ್ಲಾಂಟುಗಳಲ್ಲಿ ಥಿನ್ ಫಿಲ್ಮ್ ಇವಾಪೊರೇಟರ್ ಇರುತ್ತದೆ. ನಿಂತ ಕೊಳವೆಯ ಒಳಗೋಡೆಗೆ ತಿರುಗುವ ಬ್ಲೇಡು ಆಯಿಲ್ ಅನ್ನು ತೆಳ್ಳಗೆ ಬಳಿಯುತ್ತದೆ. ಆಯಿಲ್ ಕೆಲವೇ ಕ್ಷಣ ಬಿಸಿಗೆ ತಾಗಿ ಆವಿಯಾಗುತ್ತದೆ, ಹಾಗಾಗಿ ಸುಡುವುದಿಲ್ಲ. ಲೋಹ, ಮಸಿ, ಹಳೆ ಅಡಿಟಿವ್ ಎಲ್ಲ ಕೆಳಗೆ ಕಪ್ಪು ಗಸಿಯಾಗಿ ಉಳಿಯುತ್ತವೆ. ಆ ಗಸಿ ಡಾಂಬರಿಗೆ ಬೆರೆಸಲು ಹೋಗುತ್ತದೆ.

ನಾಲ್ಕನೆಯದು ಮೆರುಗು. ಡಿಸ್ಟಿಲ್ ಆದ ಆಯಿಲ್‌ಗೆ ಇನ್ನೂ ವಾಸನೆ, ಬಣ್ಣ, ಗಂಧಕ ಇರುತ್ತವೆ. ಕ್ಲೇ ಹಾಕಿ ಹೀರಿಸಬಹುದು, ದ್ರಾವಕದಿಂದ ತೊಳೆಯಬಹುದು. ಎಲ್ಲಕ್ಕಿಂತ ಒಳ್ಳೆಯದು ಹೈಡ್ರೋಟ್ರೀಟಿಂಗ್: 300 ಡಿಗ್ರಿಗಿಂತ ಮೇಲೆ, ಹೆಚ್ಚಿನ ಒತ್ತಡದಲ್ಲಿ, ಕೆಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕು ಮಾಡುವ ವಸ್ತು) ಮೇಲೆ ಹೈಡ್ರೋಜನ್ ಹಾಯಿಸುವುದು. ಚೆನ್ನಾಗಿ ಮಾಡಿದರೆ ಗ್ರೂಪ್ 2 ಬೇಸ್ ಆಯಿಲ್ ಬರುತ್ತದೆ. ಅಂದರೆ ಸ್ಯಾಚುರೇಟ್ (ಬೇಗ ಕೆಡದ ಸ್ಥಿರ ಅಣುಗಳು) ಶೇ. 90 ಅಥವಾ ಜಾಸ್ತಿ, ಗಂಧಕ ಶೇ. 0.03 ಅಥವಾ ಕಡಿಮೆ, ವಿಸ್ಕಾಸಿಟಿ ಇಂಡೆಕ್ಸ್ (ಬಿಸಿ ಏರಿದರೂ ದಪ್ಪ ಎಷ್ಟು ಉಳಿಯುತ್ತದೆ ಅನ್ನುವ ಅಂಕಿ) 80ರಿಂದ 120. ಕ್ರೂಡ್‌ನಿಂದ ಮಾಡಿದ ಗ್ರೂಪ್ 2ಕ್ಕೂ ಅಳತೆ ಇದೇ.

ಒಟ್ಟು ಎಷ್ಟು ಸಿಗುತ್ತದೆ? ಒಳ್ಳೆಯ ಹಳೆ ಆಯಿಲ್ 100 ಲೀಟರ್ ಕೊಟ್ಟರೆ ಬೇಸ್ ಆಯಿಲ್ ಸುಮಾರು 65ರಿಂದ 70 ಲೀಟರ್. ಬ್ಯಾರಲ್‌ನಲ್ಲಿ ನೀರು, ಡೀಸೆಲ್ ಬೆರೆತಷ್ಟೂ ಇದು ಇಳಿಯುತ್ತದೆ. ನಿಮ್ಮ ಆಯಿಲ್‌ನ ದರ ಇಳಿಯುವುದೂ ಅದಕ್ಕೇ.

ಹಂತ 7: ಬ್ಲೆಂಡಿಂಗ್

ನಮ್ಮ ಕಡೆ ಹೊಸದಾಗಿ ಉದ್ಯೋಗ ಮಾಡುವವರಿಗೆ ರಿಫೈನರಿಗಿಂತ ಬ್ಲೆಂಡಿಂಗ್ ಘಟಕ ಕೈಗೆಟುಕುವ ಮಾತು. ರೀ-ರಿಫೈನ್ಡ್ ಬೇಸ್ ಆಯಿಲ್ ಕೊಂಡು ತಂದು, ಅಡಿಟಿವ್ ಬೆರೆಸಿ ಮಾರುವುದು. ಹೈಡ್ರಾಲಿಕ್ ಆಯಿಲ್‌ನಿಂದ ಶುರು ಮಾಡಿ. ತೆಳು ಬೇಸ್ ಆಯಿಲ್ ಮತ್ತು ದಪ್ಪ ಬೇಸ್ ಆಯಿಲ್ ಬೆರೆಸಿ 68ಕ್ಕೆ ತರಬೇಕು. ಇಲ್ಲಿ ಸರಾಸರಿ ಲೆಕ್ಕ ನಡೆಯುವುದಿಲ್ಲ. 30 ಸೆಂಟಿಸ್ಟೋಕಿನದು ಅರ್ಧ, 100ರದು ಅರ್ಧ ಬೆರೆಸಿದರೆ 65 ಬರುವುದಿಲ್ಲ, 50-55ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಮೊದಲು ಒಂದು ಲೀಟರ್ ಬೆರೆಸಿ ಅಳೆದು, ಆಮೇಲೆ ಟ್ಯಾಂಕಿಗೆ ಕೈ ಹಾಕಿ. ಸುಮಾರು 60 ಡಿಗ್ರಿಯಲ್ಲಿ ನಿಧಾನ ಕಲಕಬೇಕು, ಗಾಳಿ ಸೇರಬಾರದು. ಸವೆತ ತಡೆಯುವ ಅಡಿಟಿವ್ ಪ್ಯಾಕೇಜ್ ಸಾಮಾನ್ಯವಾಗಿ ಶೇ. 1ರ ಆಸುಪಾಸು.

ಇಂಜಿನ್ ಆಯಿಲ್ ಬೇರೆಯೇ ಆಟ. ಅಡಿಟಿವ್ ಶೇ. 10ರ ಸುತ್ತಮುತ್ತ, ಜೊತೆಗೆ ವಿಸ್ಕಾಸಿಟಿ ಸುಧಾರಕ. ಡಬ್ಬದ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ ಬರೆಯಬೇಕಾದರೆ ಇಂಜಿನ್ ಪರೀಕ್ಷೆ ಆದ ಫಾರ್ಮುಲಾವೇ ಬೇಕು, ಬೇಸ್ ಆಯಿಲ್ ಬದಲಿಸುವುದಕ್ಕೂ ನಿಯಮ ಇದೆ. ಭಾರತೀಯ ಮಾನಕ ಐಎಸ್ 13656 ಓದದೆ ಈ ಕಡೆ ಬರಬೇಡಿ.

ಹಂತ 8: ಕೊಳ್ಳುವಾಗ, ಬಳಸುವಾಗ

ರೀ-ರಿಫೈನ್ಡ್ ಆಯಿಲ್ ಮತ್ತು ಬಣ್ಣ ತಿಳಿ ಮಾಡಿದ ಹಳೆ ಆಯಿಲ್ ಎರಡೂ ನೋಡಲು ಒಂದೇ ಥರ ಹಳದಿ. ಕಣ್ಣಿನಿಂದ ಗೊತ್ತಾಗುವುದಿಲ್ಲ, ಬೆರಳಿಗೆ ಹಚ್ಚಿ ಜಾರಿಸಿ ನೋಡುವುದರಿಂದಂತೂ ಇಲ್ಲವೇ ಇಲ್ಲ. ಬ್ಯಾಚ್ ನಂಬರ್ ಇರುವ ಪರೀಕ್ಷಾ ವರದಿ ಕೇಳಿ. 15ಡಬ್ಲ್ಯೂ-40 ಇಂಜಿನ್ ಆಯಿಲ್ ಆದರೆ 100 ಡಿಗ್ರಿಯಲ್ಲಿ ವಿಸ್ಕಾಸಿಟಿ 12.5ಕ್ಕಿಂತ ಕಡಿಮೆ ಇರಬಾರದು, 16.3 ಮುಟ್ಟಬಾರದು. ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿಗೆ ಬೆಂಕಿ ಹೊತ್ತುವ ಬಿಸಿ, 200 ಡಿಗ್ರಿಗಿಂತ ಮೇಲಿರಬೇಕು, ಕಡಿಮೆ ಇದ್ದರೆ ಡೀಸೆಲ್ ಪೂರ್ತಿ ಹೋಗಿಲ್ಲ. ಕ್ಷಾರದ ಅಂಕಿ, ಅಂದರೆ ಟಿಬಿಎನ್, ಲಾರಿಯ ಡೀಸೆಲ್ ಆಯಿಲ್‌ನಲ್ಲಿ 10ರ ಹತ್ತಿರ ಇರುತ್ತದೆ. ಬರೀ ಬಣ್ಣ ತಿಳಿ ಮಾಡಿದ ಆಯಿಲ್ ಇಲ್ಲೇ ಸಿಕ್ಕಿಬೀಳುತ್ತದೆ, ಅದರಲ್ಲಿ ಟಿಬಿಎನ್ ಹೆಸರಿಗಷ್ಟೇ.

ವಾರಂಟಿ ಇರುವ ಗಾಡಿಗೆ ಕೈಪಿಡಿಯಲ್ಲಿ ಬರೆದ ದರ್ಜೆಯದೇ ಹಾಕಿ. ಬೇಸ್ ಆಯಿಲ್ ರೀ-ರಿಫೈನ್ಡ್ ಆಗಿದ್ದರೂ ದರ್ಜೆ ಮತ್ತು ಅನುಮೋದನೆ ಸರಿಯಿದ್ದರೆ ತೊಂದರೆ ಇಲ್ಲ. ಧೈರ್ಯ ಸಾಲದಿದ್ದರೆ ಪ್ರೆಸ್ಸಿನ ಹೈಡ್ರಾಲಿಕ್‌ನಿಂದ ಶುರು ಮಾಡಿ, ಆಮೇಲೆ ಗೇರ್‌ಬಾಕ್ಸ್, ಕೊನೆಗೆ ಇಂಜಿನ್.

ಇಂಜಿನ್‌ಗೆ ಮೊದಲ ಸಲ ಹಾಕಿದಾಗ ಒಂದೇ ಥರದ ಕೆಲಸ ಮಾಡುವ ಎರಡು ಟ್ರ್ಯಾಕ್ಟರ್ ಆರಿಸಿ. ಒಂದಕ್ಕೆ ಎಂದಿನ ಆಯಿಲ್, ಇನ್ನೊಂದಕ್ಕೆ ರೀ-ರಿಫೈನ್ಡ್. 125 ತಾಸಿಗೆ ಮತ್ತು 250 ತಾಸಿಗೆ ಎರಡರದೂ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಕಬ್ಬಿಣ, ತಾಮ್ರ, ಸಿಲಿಕಾನ್ ಈ ಮೂರರ ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಸಿಲಿಕಾನ್ ಏರಿದ್ದರೆ ಆಯಿಲ್ ಬಯ್ಯುವ ಮುಂಚೆ ಏರ್ ಕ್ಲೀನರ್ ಪೈಪ್ ನೋಡಿ. ಕಬ್ಬಿಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಮುಂದಿನ ಬ್ಯಾರಲ್ ಆರ್ಡರ್ ಮಾಡಿ.